ಇಮ್ಯಾಕ್ಸ್ ತೆರೆಯಲು ಕಾಯುವುದನ್ನು ನಾನು ತಪ್ಪಿಸಿಕೊಂಡ ಬಗೆ

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ಬಳಸುವವರ ಇನಿಟ್ ಕಡತ, ಅಂದರೆ ಅದು ತೆರೆಯುವಾಗ ಓದುವ ಸೆಟ್ಟಿಂಗುಗಳ ಕಡತ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಟಿಪ್ಪಣಿಗೆ ಆರ್ಗ್, ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್ ಕೆಲಸಕ್ಕೆ ಮ್ಯಾಗಿಟ್, ಒಂದೊಂದು ಪ್ರೋಗ್ರಾಮಿಂಗ್ ಭಾಷೆಗೆ ಒಂದೊಂದು ಮೋಡ್ ಎಂದು ನನ್ನ ಕಡತದಲ್ಲೂ ಇಂಥ ಹೆಚ್ಚುವರಿ ಕೋಡ್ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಕರೆತರುವ ರಿಕ್ವೈರ್ ಸಾಲುಗಳು ತುಂಬಿಕೊಂಡಿದ್ದವು. ಎರಡು ಸಾಲು ತಿದ್ದಿ ಮುಚ್ಚುವ ಕೆಲಸಕ್ಕೂ ನಾಲ್ಕೈದು ಸೆಕೆಂಡು ಕಾಯಬೇಕಿತ್ತು. ಡೀಮನ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಸದಾ ತೆರೆದೇ ಇರುವಂತೆ, ಓಡಿಸಿದರೆ ಆಯಿತಲ್ಲ ಎಂದು ಬಲ್ಲವರು ಹೇಳುತ್ತಾರೆ. ಅದರಿಂದ ತಡ ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ನನಗೆ ತಡದ ಕಾರಣವೇ ಬೇಕಿತ್ತು.

ರಿಕ್ವೈರ್ ಎಂದರೆ, ಆ ಕಡತವನ್ನು ಇನ್ನೂ ಓದಿಲ್ಲವಾದರೆ ಈಗಲೇ ಓದು ಎಂಬ ಆಜ್ಞೆ. ಆಟೋಲೋಡ್ ಹಾಗಲ್ಲ. ಇಂಥ ಫಂಕ್ಷನ್ ಇಂಥ ಕಡತದಲ್ಲಿದೆ ಎಂಬುದನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಆ ಫಂಕ್ಷನನ್ನು ಮೊದಲ ಸಲ ಕರೆದಾಗ ಕಡತ ಲೋಡ್ ಆಗುತ್ತದೆ, ಗುರುತಿನ ಜಾಗಕ್ಕೆ ನಿಜವಾದ ಕೋಡ್ ಬರುತ್ತದೆ, ಕರೆ ಮುಂದುವರಿಯುತ್ತದೆ. ಕಡತ ಲೋಡ್ ಆದ ಮೇಲೂ ಫಂಕ್ಷನ್ ಸಿಗದಿದ್ದರೆ ಇಮ್ಯಾಕ್ಸ್ ಸುಮ್ಮನಿರುವುದಿಲ್ಲ, ದೋಷ ಎತ್ತುತ್ತದೆ.

ಈ ಗುರುತುಗಳನ್ನು ನಾವೇ ಬರೆಯಬೇಕಾದದ್ದು ಅಪರೂಪ. ಪ್ಯಾಕೇಜ್ ಬರೆದವರು ಫಂಕ್ಷನ್ನಿನ ಮೇಲೆ ಮೂರು ಅರ್ಧವಿರಾಮ, ಮೂರು ಹ್ಯಾಶ್, ಬೆನ್ನಿಗೇ ಆಟೋಲೋಡ್ ಎಂದು ಒಂದು ಟಿಪ್ಪಣಿ ಸಾಲು ಹಾಕಿರುತ್ತಾರೆ. ಪ್ಯಾಕೇಜನ್ನು ಸ್ಥಾಪಿಸುವಾಗ ಅವೆಲ್ಲ ಒಂದು ಪುಟ್ಟ ಕಡತಕ್ಕೆ ಸೇರುತ್ತವೆ. ಆರಂಭದಲ್ಲಿ ಓದುವುದು ಅದನ್ನು ಮಾತ್ರ. ಹಾಗಾಗಿ ನನ್ನ ಮೊದಲ ಕೆಲಸ ಅಳಿಸುವುದೇ ಆಗಿತ್ತು. ಬಹುಪಾಲು ರಿಕ್ವೈರ್ ಸಾಲುಗಳನ್ನು ತೆಗೆದರೂ ಏನೂ ಕೆಡಲಿಲ್ಲ.

ಇದೇ ಉಪಾಯ ಇಮ್ಯಾಕ್ಸಿನ ಒಳಗೂ ಇದೆ. ಕನ್ನಡ ಟೈಪ್ ಮಾಡಲು ನಾನು ಬಳಸುವ ಕನ್ನಡ-ಐಟ್ರಾನ್ಸ್ ಇನ್‌ಪುಟ್ ವಿಧಾನವನ್ನೇ ನೋಡಿ. ಆರಂಭದಲ್ಲಿ ಇರುವುದು ಅದರ ಹೆಸರು ಮತ್ತು ವಿವರಣೆಯ ನೋಂದಣಿ ಮಾತ್ರ. ಭಾರತೀಯ ಲಿಪಿಗಳ ಕೀಲಿ ಪಟ್ಟಿಗಳಿರುವ ಕಡತ ಲೋಡ್ ಆಗುವುದು ಕಂಟ್ರೋಲ್ ಮತ್ತು ಹಿಂಗೆರೆ (\) ಒತ್ತಿ ಕನ್ನಡಕ್ಕೆ ಹೊರಳಿದಾಗ. ಕನ್ನಡವನ್ನೇ ಡಿಫಾಲ್ಟ್ ಎಂದು ಬರೆದಿಟ್ಟರೂ ಆರಂಭಕ್ಕೆ ಭಾರವಿಲ್ಲ.

ರಿಕ್ವೈರ್ ಸಾಲುಗಳೆಲ್ಲ ಹೋದ ಮೇಲೂ ಆರ್ಗ್ ಮಾತ್ರ ಪ್ರತಿ ಸಲ ಬಂದು ಕೂರುತ್ತಿತ್ತು. ಅದು ಒಂಟಿಯಾಗಿ ಬರುವ ಪೈಕಿಯೂ ಅಲ್ಲ. ಒಬ್ಬರನ್ನು ಊಟಕ್ಕೆ ಕರೆದರೆ ಮನೆಮಂದಿಯೆಲ್ಲ ಬಂದಂತೆ ಕ್ಯಾಲೆಂಡರಿನಿಂದ ಹಿಡಿದು ಹಲವು ಕಡತಗಳನ್ನು ಎಳೆದುತರುತ್ತದೆ. ಕರೆಯುತ್ತಿರುವವರು ಯಾರು ಎಂದು ಕಂಡುಹಿಡಿಯಲು ಒಂದು ಸುಲಭದ ದಾರಿಯಿದೆ. ಇನಿಟ್ ಕಡತದ ತಲೆಯಲ್ಲಿ, ಆರ್ಗ್ ಲೋಡ್ ಆದ ಕೂಡಲೇ ಡೀಬಗ್ಗರ್ ತೆರೆ ಎಂದು ವಿತ್-ಇವ್ಯಾಲ್-ಆಫ್ಟರ್-ಲೋಡ್ ಬಳಸಿ ಒಂದು ಸಾಲು ಹಾಕಿದೆ. ಮುಂದಿನ ಸಲ ತೆರೆದಾಗ ಕರೆಗಳ ಸರಪಳಿ ಕಣ್ಣೆದುರಿಗಿತ್ತು. ಆರ್ಗ್ ಟಿಪ್ಪಣಿಯೊಳಗೆ ಪೈಥಾನ್ ಕೋಡ್ ಓಡಿಸಲು ಬೇಬಲ್ ಎಂಬ ಆರ್ಗ್ ಭಾಗದ ಭಾಷೆಗಳನ್ನು ಲೋಡ್ ಮಾಡುವ ಫಂಕ್ಷನನ್ನು ಇನಿಟ್ ಕಡತವೇ ನೇರವಾಗಿ ಕರೆಯುತ್ತಿತ್ತು. ಅದಕ್ಕೆ ಆಟೋಲೋಡ್ ಗುರುತಿದೆ, ಸರಿ. ಆದರೆ ಆರಂಭದಲ್ಲೇ ಕರೆದರೆ ಅದಕ್ಕೂ ರಿಕ್ವೈರ್‌ಗೂ ವ್ಯತ್ಯಾಸವೇನು?

ಅಲ್ಲಿಂದ ಮುಂದೆ ಪ್ರತಿ ಸಾಲನ್ನೂ ಒಂದೇ ಪ್ರಶ್ನೆಯಿಂದ ನೋಡಿದೆ: ಇದು ಹೆಸರು ಹೇಳುತ್ತದೆಯೋ, ಕೆಲಸ ಮಾಡಿಸುತ್ತದೆಯೋ? ಕೀಲಿಗೆ ಫಂಕ್ಷನ್ನಿನ ಹೆಸರನ್ನು ಕಟ್ಟುವುದು, ಇಂಥ ಹೊತ್ತಿಗೆ ಕರೆಯಬೇಕಾದ ಫಂಕ್ಷನ್ನುಗಳ ಪಟ್ಟಿಯಾದ ಹುಕ್‌ಗೆ ಹೆಸರು ಸೇರಿಸುವುದು, ವೇರಿಯೇಬಲ್ಲಿಗೆ ಸೆಟ್‌ಕ್ಯೂ ಮೂಲಕ ಬೆಲೆ ಕೊಡುವುದು ಇವೆಲ್ಲ ಬರೀ ಹೆಸರು ಹೇಳುವ ಸಾಲುಗಳು. ಪ್ಯಾಕೇಜ್ ತಡವಾಗಿ ಬಂದರೂ ನಾವು ಮೊದಲೇ ಕೊಟ್ಟ ಬೆಲೆಯನ್ನು ಅದರ ಡಿಫಾಲ್ಟ್ ಬೆಲೆ ಹೇಳುವ ಡೆಫ್‌ಕಸ್ಟಮ್ ಅಳಿಸುವುದಿಲ್ಲ. ಇನ್ನೂ ಹುಟ್ಟದ ಪಟ್ಟಿಗೆ ಒಂದು ಅಂಶ ಸೇರಿಸಲು ಹೋದರೆ ಮಾತ್ರ ದೋಷ ಬರುತ್ತದೆ. ಆ ದೋಷಕ್ಕೆ ಹೆದರಿಯೇ ಜನ ಮೇಲೊಂದು ರಿಕ್ವೈರ್ ಹಾಕುತ್ತಾರೆ ಎಂಬುದು ನನ್ನ ಗುಮಾನಿ. ಅಂಥವನ್ನೂ ಬೇಬಲ್ ಸಾಲನ್ನೂ ಲೋಡ್ ಆದ ನಂತರ ನಡೆಯುವಂತೆ ಸುತ್ತಿಟ್ಟೆ.

2023ರಲ್ಲಿ ಬಂದ 29ನೇ ಆವೃತ್ತಿಯಿಂದ ಪ್ಯಾಕೇಜುಗಳ ಸೆಟ್ಟಿಂಗುಗಳನ್ನು ಬರೆಯಲು ನೆರವಾಗುವ ಯೂಸ್-ಪ್ಯಾಕೇಜ್ ಇಮ್ಯಾಕ್ಸಿನ ಜೊತೆಗೇ ಬರುತ್ತದೆ. ಇದೇ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಎಲ್ಲವನ್ನೂ ಮುಂದೂಡು ಎಂಬ ಅದರ ಆಯ್ಕೆ ಮಾತ್ರ ನನಗೆ ಹಿಡಿಸಲಿಲ್ಲ. ಕೀಲಿಯಾಗಲಿ ಹುಕ್ ಆಗಲಿ ಇಲ್ಲದ, ಆನ್-ಆಫ್ ಮಾಡಬಹುದಾದ ಸಣ್ಣ ಸೌಲಭ್ಯಗಳಾದ ಮೈನರ್ ಮೋಡ್‌ಗಳು ಆಗ ಸದ್ದಿಲ್ಲದೆ ಮಲಗಿಬಿಡುತ್ತವೆ, ದೋಷದ ಸಂದೇಶವೂ ಬರುವುದಿಲ್ಲ.

ಮುಂದೂಡಿದ ತಡ ಮಾಯವಾಗುವುದಿಲ್ಲ, ಮೊದಲ ಬಳಕೆಯ ಹೊತ್ತಿಗೆ ಸರಿಯುತ್ತದೆ ಅಷ್ಟೇ. ತೆರೆದ ಕ್ಷಣದಿಂದಲೇ ಬೇಕಾಗುವ ಪದಪೂರಣದ ಪ್ಯಾಕೇಜನ್ನು ಅದಕ್ಕೇ ಆರಂಭದಲ್ಲೇ ಉಳಿಸಿಕೊಂಡೆ. ಆರಂಭಕ್ಕೆ ಹಿಡಿದ ಹೊತ್ತನ್ನು ಹೇಳುವ ಇಮ್ಯಾಕ್ಸ್-ಇನಿಟ್-ಟೈಮ್ ಈಗ ಒಂದು ಸೆಕೆಂಡಿನೊಳಗೆ ತೋರಿಸುತ್ತದೆ. ಮ್ಯಾಗಿಟ್ ಮೊದಲ ಸಲ ತೆರೆಯುವಾಗ ತುಸು ತಡವರಿಸುತ್ತಿತ್ತು. ಅದಕ್ಕೆ ಯೂಸ್-ಪ್ಯಾಕೇಜಿನ ಡಿಫರ್ ಎದುರು 5 ಎಂದು ಬರೆದಿದ್ದೇನೆ. ಕೀಲಿಮಣೆ ಐದು ಸೆಕೆಂಡು ಸುಮ್ಮನಿದ್ದರೆ ಸಾಕು, ಅದು ತಾನಾಗಿ ಲೋಡ್ ಆಗಿರುತ್ತದೆ.