ಕೂದಲು ಕೀಳುತ್ತಿದ್ದ ಮಷಿನ್ ಸರಿಹೋದದ್ದು

ದಾವಣಗೆರೆಯಲ್ಲಿ ನಮ್ಮದು ಎರಡು ಕುರ್ಚಿಯ ಕಟಿಂಗ್ ಶಾಪ್. ಡಿಸೆಂಬರ್ ಚಳಿ ಶುರುವಾದ ಮೇಲೆ ಬೆಳಗ್ಗೆ ಮೊದಲ ಗಿರಾಕಿಗೆ ಮಷಿನ್ ಹಿಡಿದರೆ ಸಾಕು, ಕತ್ತರಿಸೋ ಬದಲು ಕೂದಲು ಹಿಡಿದು ಎಳೆಯೋದು. "ಅಣ್ಣಾ, ಕಟಿಂಗ್ ಮಾಡ್ತಿದೀರೋ, ಕೋಳಿ ಪುಕ್ಕ ಕೀಳ್ತಿದೀರೋ?" ಅಂತ ಒಬ್ಬ ಹುಡುಗ ಕೇಳೇಬಿಟ್ಟ.

ಬ್ಲೇಡು ಮೊಂಡಾಯ್ತು ಅಂತ ಸಾಣೆಗೆ ಕೊಡೋಕೆ ಹೊರಟಿದ್ದೆ. ಸ್ಕ್ರೂ ಬಿಚ್ಚಿ ನೋಡಿದರೆ ಮೇಲಿನ, ಕೆಳಗಿನ ಎರಡು ಬ್ಲೇಡಿನ ನಡುವೆ ಬೆಳ್ಳಗೆ ಮೇಣದಂಥ ಜಿಡ್ಡು, ಅದರ ತುಂಬ ಕೂದಲ ಪುಡಿ. ತಪ್ಪು ನಂದೇ. ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆಯನ್ನೇ ಮಷಿನ್ನಿಗೂ ಬಿಡ್ತಿದ್ದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತೆ.

ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿದೆ. ಮತ್ತೆ ಕೂರಿಸೋದೇ ನಾಜೂಕಿನ ಕೆಲಸ. ಓಡೋ ಬ್ಲೇಡಿನ ಹಲ್ಲು ಕೆಳಗಿನ ಬ್ಲೇಡಿನ ಹಲ್ಲಿಗಿಂತ ಚೂರು ಹಿಂದಿರಬೇಕು. ಮುಂದೆ ಚಾಚಿದರೆ ಚರ್ಮ ಕುಯ್ಯುತ್ತೆ. ಸ್ಕ್ರೂ ಬಿಗಿ ಮಾಡುವಾಗ ಜರುಗಿಬಿಡುತ್ತೆ ಹಾಳಾದ್ದು, ನನಗೆ ಮೂರು ಸಲ ಬಿಚ್ಚಬೇಕಾಯ್ತು.

ಆಮೇಲೆ ಮಂಡಿಪೇಟೆಯಿಂದ ತಂದ ಹೊಲಿಗೆ ಮಷಿನ್ ಎಣ್ಣೆ: ಹಲ್ಲಿನ ಮೇಲೆ 3 ಹನಿ, ಎರಡೂ ಬದಿಗೆ ಒಂದೊಂದು. 10 ಸೆಕೆಂಡ್ ಓಡಿಸಿ ಹೆಚ್ಚಾದದ್ದನ್ನ ಒರೆಸಿದೆ. ಗರಗರ ಸದ್ದು ಹೋಗಿ ಜುಯ್ ಅಂತ ಒಂದೇ ಸಮ ಓಡ್ತಿದೆ. ಕೊಬ್ಬರಿ ಎಣ್ಣೆ ಬಾಟ್ಲಿ ಕನ್ನಡಿ ಪಕ್ಕದಲ್ಲೇ ಇದೆ, ಗಿರಾಕಿ ತಲೆಗೆ ಮಾತ್ರ.