ಮಾಡಿನ ತುದಿಯಿಂದ ಶುರು ಮಾಡಿ: ಕರಾವಳಿ ಸೈಟಿಗೆ ಸ್ಟುಡಿಯೋ ಪ್ರಾಜೆಕ್ಟ್ ಮಾಡುವ ಬಗೆ

ಸೆಮಿಸ್ಟರ್ ಶುರುವಾಯ್ತು ಅಂದರೆ ಊರ ಕಡೆಯ ಜೂನಿಯರ್‌ಗಳು ನನ್ನ ಹತ್ರ ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಡಿಸೈನ್ ಫಿಲಾಸಫಿ ಅಂತ ಒಂದು ಪುಟ ಬರೀಬೇಕಂತೆ, ಏನು ಬರೀಲಿ?" ನಾನು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಕೊನೇ ವರ್ಷದಲ್ಲಿದ್ದೇನೆ. ನಮ್ಮೂರು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನಲ್ಲಿ, ಅಜ್ಜನ ಮನೆ ಶಿರಸಿ ಕಡೆ. ನಾನು ಹೇಳುವುದು ಇಷ್ಟೇ: ಆ ಪುಟವನ್ನು ಕೊನೆಗೆ ಬರೆಯಿರಿ. ಮೊದಲು ಒಂದು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ತೋರಿಸುವ ಚಿತ್ರ, ಎಳೆಯಿರಿ. ಅದರಲ್ಲಿ ಮಾಡಿನ (ಚಾವಣಿಯ) ತುದಿ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿ. ಮಳೆನೀರು ಎಲ್ಲಿ ಬೀಳುತ್ತೆ, ಬಿದ್ದ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದು ಗಟ್ಟಿಯಾದರೆ ನಮ್ಮ ಜಿಲ್ಲೆಯ ಕಟ್ಟಡದ ಅರ್ಧ ಕೆಲಸ ಮುಗಿದ ಹಾಗೆ. ಪ್ಲಾನ್ ಅದರ ಹಿಂದೆ ಬರುತ್ತೆ.

ಸೈಟಿನಲ್ಲಿ ಏನು ನೋಡಬೇಕು

ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿನ ಯಾವ ಸೈಟು ಸಿಕ್ಕರೂ ಒಂದು ತೊಡಕು ತಪ್ಪಿದ್ದಲ್ಲ. ಸಮುದ್ರದ ನೋಟ ಇರುವುದು ಪಶ್ಚಿಮಕ್ಕೆ. ಹಗಲಿನ ತಂಪುಗಾಳಿ ಬರುವುದೂ ಪಶ್ಚಿಮದಿಂದ. ಮಾರ್ಚ್‌ನಿಂದ ಮೇವರೆಗಿನ ಸಂಜೆಯ ಸುಡುಬಿಸಿಲು ಅಲ್ಲಿಂದಲೇ. ಜೂನ್ ಬಂತು ಅಂದರೆ ಗಾಳಿಮಳೆಯ ಎರಚಲೂ ಆ ಕಡೆಯಿಂದಲೇ. ಬೇಕಾದ ಎರಡು, ಬೇಡದ ಎರಡು, ನಾಲ್ಕಕ್ಕೂ ಬಾಗಿಲು ಒಂದೇ ದಿಕ್ಕಿಗೆ. ಪಶ್ಚಿಮದ ಗೋಡೆ ಪೂರ್ತಿ ಗಾಜು ಮಾಡಿದ ಡ್ರಾಯಿಂಗ್ ಶೀಟಿನ ಮೇಲೆ ಚೆಂದ ಕಾಣುತ್ತೆ, ನಿಜ. ಆದರೆ ಆ ಕೋಣೆಯಲ್ಲಿ ಏಪ್ರಿಲ್ ಸಂಜೆ ನಾಲ್ಕು ಗಂಟೆಗೆ ಯಾರು ಕೂರುತ್ತಾರೆ? ಜುಲೈಯಲ್ಲಿ ಆ ಕಿಟಕಿ ಸಂದಿಯ ನೀರನ್ನು ಯಾರು ಒರೆಸುತ್ತಾರೆ?

ಹಾಗಂತ ಪಶ್ಚಿಮವನ್ನು ಮುಚ್ಚಬೇಕಿಲ್ಲ. ಕೂತವರ ಕಣ್ಣಿನ ಎತ್ತರಕ್ಕೆ ತೆರೆಯಿರಿ, ನಿಂತವರ ತಲೆಯ ಎತ್ತರಕ್ಕೆ ಮುಚ್ಚಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಮೇಲಿರುತ್ತೆ. ಮಾಡಿನ ತುದಿಯನ್ನು ಆರು ಅಡಿಗೆ ಇಳಿಸಿದರೂ ಅವರಿಗೆ ಕಡಲ ಗೆರೆ ಪೂರ್ತಿ ಕಾಣುತ್ತೆ. ಕಣ್ಣು ಕುಕ್ಕುವ ಆಕಾಶ ಮಾತ್ರ ಮರೆಯಾಗುತ್ತೆ. ನಮ್ಮ ಹಳೇ ಮನೆಗಳ ಜಗಲಿಗೆ ತಲೆ ಬಗ್ಗಿಸಿ ಹತ್ತಬೇಕಾಗಿತ್ತು ಅಲ್ವಾ, ಅದರ ಗುಣ ಇದು.

ಸೂರ್ಯನ ಲೆಕ್ಕವನ್ನು ಸಾಫ್ಟ್‌ವೇರಿಗೆ ಬಿಡುವ ಮೊದಲು ಕೈಯಲ್ಲಿ ಒಂದ್ಸಲ ಮಾಡಿ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕು ಅಡಿ ಎತ್ತರದ ದಕ್ಷಿಣದ ಕಿಟಕಿಗೆ ಆಗ ಪೂರ್ತಿ ನೆರಳು ಬೇಕಿದ್ದರೆ ಮೂರು ಅಡಿಗಿಂತ ಸ್ವಲ್ಪ ಜಾಸ್ತಿ ಚಾಚು ಬೇಕು. ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. "ಉತ್ತರದ ಗೋಡೆಗೆ ಬಿಸಿಲೇ ಬರಲ್ಲ" ಅನ್ನುವ ಪುಸ್ತಕದ ಮಾತು ನಮ್ಮ ಜಿಲ್ಲೆಗೆ ಹೊಂದಲ್ಲ.

ತೀರದ ಸೈಟಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. 2011ರ ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ ಭರತದ ಗೆರೆಯಿಂದ 200 ಮೀಟರನ್ನು ಹೊಸ ಕಟ್ಟಡ ಬೇಡದ ವಲಯ ಅಂತ ಗುರುತಿಸಿತ್ತು. 2019ರಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ ಅದನ್ನು 50 ಮೀಟರಿಗೆ ಇಳಿಸಿದರು. ಸ್ಟುಡಿಯೋ ಪ್ರಾಜೆಕ್ಟಿಗೆ ಯಾರು ಪರ್ಮಿಶನ್ ಕೇಳ್ತಾರೆ ಅನ್ನಬೇಡಿ. ಆ ಗೆರೆಯ ಹಿಂದೆ ನಿಂತು ಸಮುದ್ರ ತೋರಿಸುವುದೇ ಒಳ್ಳೇ ಡಿಸೈನ್ ಸಮಸ್ಯೆ.

ಗುಡ್ಡದ ಸೈಟಿಗೆ ಬೇರೆ ಕೆಲಸ ಇದೆ. ಕಾಂಟೂರ್ ನಕ್ಷೆಯ (ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ ನಕ್ಷೆ) ಮೇಲೆ ಬಟರ್ ಪೇಪರ್ ಇಟ್ಟು, ನೀಲಿ ಪೆನ್ಸಿಲ್‌ನಲ್ಲಿ ನೀರಿನ ದಾರಿ ಎಳೆಯಿರಿ. ಪ್ರತಿ ಕಾಂಟೂರ್ ಗೆರೆಯನ್ನೂ ನೀರು ನೇರ ಅಡ್ಡ ದಾಟಿ ಇಳಿಯುತ್ತೆ. ನೀಲಿ ಗೆರೆಗಳು ಕೂಡುವ ಜಾಗ ನಿಮ್ಮದಲ್ಲ, ನೀರಿನದು. ಅಲ್ಲಿ ಏನೂ ಇಡಬೇಡಿ. ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡುವ ಯೋಚನೆಯನ್ನೂ ಬಿಡಿ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಮಣ್ಣು ಗಂಗಾವಳಿ ನದಿಯವರೆಗೂ ಹೋಗಿತ್ತು. ಅವತ್ತಿನಿಂದ ಕ್ಲಾಸಿನಲ್ಲಿ ಯಾರಾದರೂ "ಇಲ್ಲೊಂದು ಹದಿನೈದು ಅಡಿ ಕಟ್ ಮಾಡಿದರಾಯ್ತು" ಅಂದರೆ ನನಗೆ ಸುಮ್ನೆ ಕೂರೋಕೆ ಆಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಣ್ಣ ಸಣ್ಣ ನೆಲಗಳನ್ನು ಮಾಡಿ. ಘಟ್ಟದ ಮೇಲಿನ ಹಳೇ ಮನೆಗಳಲ್ಲಿ ಅಂಗಳಕ್ಕೂ ಜಗಲಿಗೂ ಕೊಟ್ಟಿಗೆಗೂ ಒಂದೊಂದು ಮಟ್ಟ ಇರುವುದನ್ನು ಗಮನಿಸಿ ನೋಡಿ.

ಮಾಡಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂದರೆ 100 ಚದರ ಮೀಟರಿನ ಮಾಡು ವರ್ಷಕ್ಕೆ ಮೂರು ಲಕ್ಷ ಲೀಟರ್ ನೀರು ಇಳಿಸಬೇಕು. ಜಡಿಮಳೆ ಹಿಡಿದ ದಿನ 100 ಮಿಲಿಮೀಟರ್ ಬಿತ್ತು ಅನ್ನಿ, ಅವತ್ತೊಂದೇ ದಿನ ಹತ್ತು ಸಾವಿರ ಲೀಟರ್. ಚಪ್ಪಟೆ ಸ್ಲ್ಯಾಬಿನ ಮೂಲೆಯಲ್ಲಿರುವ ಒಂದು ಪೈಪಿಗೆ ಈ ಕೆಲಸ ಒಪ್ಪಿಸಿದರೆ, ಅದನ್ನು ಮುಚ್ಚೋಕೆ ನಾಲ್ಕು ಹಲಸಿನ ಎಲೆ ಸಾಕು.

ಹಾಗಾಗಿ ಇಳಿಜಾರು ಮಾಡು. ನಾನು 30 ಡಿಗ್ರಿಯಿಂದ ಶುರು ಮಾಡುತ್ತೇನೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ತೀರದ ಮನೆಗಳಿಗೆ ಬಂದ ಹೆಂಚು ಇವತ್ತಿಗೂ ಒಳ್ಳೇ ಸಾಮಗ್ರಿ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಚದರ ಮೀಟರಿಗೆ ಸುಮಾರು ಹದಿನೈದು ಬೇಕಾಗುತ್ತೆ. ಆದರೆ ಡ್ರಾಯಿಂಗಿನಲ್ಲಿ "ಟೈಲ್ಡ್ ರೂಫ್" ಅಂತ ಬರೆದು ಅಡ್ಡಗೆರೆ ಹಾಕಿ ಬಿಡಬೇಡಿ. ಊರಿನ ಆಚಾರಿಯವರ ಹತ್ರ ಹೋಗಿ, "ಪಕಾಸಿ ಎಷ್ಟು ದೂರಕ್ಕೆ ಇಡ್ತೀರಿ, ರೀಪಿನ ಅಂತರ ಹೆಂಗೆ ತೆಗೀತೀರಿ?" ಅಂತ ಕೇಳಿ. ಪಕಾಸಿ ಅಂದರೆ ಮಾಡಿನ ಇಳಿಜಾರಿನ ಉದ್ದಕ್ಕೆ ಇಡುವ ಮರ, ರೀಪು ಅಂದರೆ ಅದರ ಮೇಲೆ ಅಡ್ಡಕ್ಕೆ ಹೊಡೆಯುವ ಪಟ್ಟಿ. ಆಚಾರಿಯವರು ಹೆಂಚನ್ನು ಕೈಯಲ್ಲಿ ಹಿಡಿದೇ ತೋರಿಸುತ್ತಾರೆ. ಹೆಂಚಿನ ಅಳತೆ ರೀಪಿನ ಅಂತರವನ್ನು ಹೇಳುತ್ತೆ, ರೀಪು ಪಕಾಸಿಯನ್ನು, ಪಕಾಸಿ ಗೋಡೆಯನ್ನು. ಇಷ್ಟು ಗೊತ್ತಾದ ಮೇಲೆ ಕೋಣೆಯ ಅಗಲವನ್ನು ನೀವು ಸುಮ್ನೆ ಹತ್ತು ಅಡಿ ಅಂತ ಇಡಲ್ಲ.

ಈಗ ಮುಖ್ಯ ವಿಷಯ, ಮಾಡಿನ ತುದಿ. ಸೆಕ್ಷನ್ ಮೇಲೆ ಆ ತುದಿಯಿಂದ ಒಳಮುಖವಾಗಿ 45 ಡಿಗ್ರಿಯ ಗೆರೆ ಎಳೆಯಿರಿ. ಗಾಳಿಯ ಹೊಡೆತಕ್ಕೆ ವಾಲಿ ಬೀಳುವ ಮಳೆ ಅದು. ತುದಿ ನೆಲದಿಂದ ಒಂಬತ್ತು ಅಡಿ ಮೇಲಿದ್ದು ಗೋಡೆಯಿಂದ ಮೂರು ಅಡಿ ಚಾಚಿದ್ದರೆ, ಗೋಡೆಯ ಮೇಲ್ಭಾಗ ಮಾತ್ರ ಒಣ, ಕೆಳಗಿನ ಆರು ಅಡಿ ಒದ್ದೆ. ಕಿಟಕಿ ಇರುವುದೇ ಆ ಆರು ಅಡಿಯಲ್ಲಿ. ಬದಲಿಗೆ ಮಾಡನ್ನು ತಗ್ಗಿಸಿ, 30 ಡಿಗ್ರಿಯಲ್ಲೇ ಗೋಡೆಯಿಂದ ಆರು ಅಡಿ ಚಾಚಿ. ಗೋಡೆಯ ಹತ್ರ ಒಂಬತ್ತೂವರೆ ಅಡಿ ಇದ್ದದ್ದು ತುದಿಯಲ್ಲಿ ಆರಕ್ಕೆ ಇಳಿಯುತ್ತೆ. ಗೋಡೆ ಪೂರ್ತಿ ಒಣ. ನಡುವೆ ಒಂದು ಜಗಲಿ ಸಿಕ್ಕಿತು. ಜಗಲಿ ಒದ್ದೆಯಾಗುತ್ತೆ, ಆಗಲಿ. ಹಳೇ ಮನೆಯವರು ಮಳೆಗಾಲಕ್ಕೆ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ನಾಲ್ಕು ತಿಂಗಳು ಇದ್ದು ಎಂಟು ತಿಂಗಳು ಇಲ್ಲದ ಗೋಡೆ! ಪಶ್ಚಿಮದ ತೊಡಕಿಗೆ ಇದಕ್ಕಿಂತ ಒಳ್ಳೇ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ನನ್ನ ಎಲ್ಲ ಪ್ರಾಜೆಕ್ಟಿನಲ್ಲೂ ಬಿಚ್ಚಿ ಕಟ್ಟುವ ಒಂದು ಪಡುವಣ ಗೋಡೆ ಇದ್ದೇ ಇದೆ. ಬಿಚ್ಚಿದ ತಟ್ಟಿಯನ್ನು ಎಲ್ಲಿ ಎತ್ತಿಡಬೇಕು ಅಂತಲೂ ಡ್ರಾಯಿಂಗಿನಲ್ಲಿ ತೋರಿಸುತ್ತೇನೆ.

ಸೂರಿನ ನೀರು ಬೀಳುವ ಗೆರೆ ಕಟ್ಟೆಯ ಅಂಚಿನಿಂದ ಆಚೆ, ಗಟಾರದ ನಡುಮಧ್ಯಕ್ಕೆ ಇರಲಿ. ಬರೀ ಮಣ್ಣಿನ ಮೇಲೆ ಬಿದ್ದರೆ ಕೆಂಪು ಕೆಸರು ಸಿಡಿದು ಚಿರೆಕಲ್ಲಿನ ಗೋಡೆಯ ಬುಡ ಹಾಳಾಗುತ್ತೆ. ಕಡಲ ಹತ್ರ ಕಬ್ಬಿಣದ ಬಳಕೆ ಕಡಿಮೆ ಮಾಡಿ, ಉಪ್ಪುಗಾಳಿಗೆ ಸ್ಕ್ರೂ, ತಿರುಗಣಿಗಳೇ ಮೊದಲು ತುಕ್ಕು ಹಿಡಿಯುತ್ತವೆ.

ಮೀನು ಮಾರ್ಕೆಟ್ಟಿನ ಪ್ರಾಜೆಕ್ಟ್

ಮೂರನೇ ವರ್ಷದಲ್ಲಿ ನಾನು ಆರಿಸಿಕೊಂಡದ್ದು ಕಾರವಾರಕ್ಕೊಂದು ಮೀನು ಮಾರ್ಕೆಟ್. ಇಂಥ ಪ್ರಾಜೆಕ್ಟಿಗೆ ನೆಟ್‌ನಲ್ಲಿ ಚಿತ್ರ ಹುಡುಕುವ ಮೊದಲು ಮೀನು ಮಾರುವ ಒಬ್ಬ ಅಕ್ಕನ ಪಕ್ಕ ಕೂತು ಅವರ ಜಾಗದ ಅಳತೆ ತೆಗೆಯಿರಿ. ಮಣೆಯ ಮೇಲೆ ಅವರು ಕೂತಿರುತ್ತಾರೆ. ಮುಂದೆ ಬುಟ್ಟಿ, ಅದರ ಮೇಲೆ ಹಲಗೆ, ಹಲಗೆ ಮೇಲೆ ಬಂಗಡೆ ಸಾಲು. ಬಲಗಡೆ ಮೆಟ್ಟುಗತ್ತಿ, ಎಡಗಡೆ ಐಸಿನ ಡಬ್ಬಿ, ಹಿಂದೆ ನೀರಿನ ಕೊಡ. ಎಲ್ಲವೂ ಎದ್ದೇಳದೆ ಕೈಗೆ ಸಿಗುವ ದೂರದಲ್ಲಿ. ಆ ಕೈಯ ದೂರವೇ ನಿಮ್ಮ ಮಾಡ್ಯೂಲ್, ಅಂದರೆ ಇಡೀ ಕಟ್ಟಡಕ್ಕೆ ಮೂಲ ಅಳತೆ. ಗಿರಾಕಿ ನಿಂತಿರುತ್ತಾನೆ, ಅಕ್ಕ ಕತ್ತೆತ್ತಿ ರೇಟು ಹೇಳಬೇಕು, ದಿನವಿಡೀ. ನಾನು ಕೂರುವ ಕಟ್ಟೆಯನ್ನು ಗಿರಾಕಿಯ ನೆಲದಿಂದ ಒಂದೂವರೆ ಅಡಿ ಎತ್ತರಿಸಿದೆ. ಅವರ ಕುತ್ತಿಗೆಗೂ ಆರಾಮ, ಗಿರಾಕಿಯ ಬೆನ್ನಿಗೂ ಆರಾಮ. ಗಿರಾಕಿ ನಡೆಯುವ ದಾರಿ ಒದ್ದೆಯಾಗಬಾರದು ಅಂತ ಗಟಾರವನ್ನು ಅಕ್ಕಂದಿರ ಬೆನ್ನ ಹಿಂದೆ ಇಟ್ಟೆ. ಕಟ್ಟೆಗೆ 60ಕ್ಕೆ 1ರಂತೆ ಹಿಂದಕ್ಕೆ ವಾಟ (ಇಳಿಜಾರು) ಕೊಟ್ಟೆ. ಐಸ್ ಕರಗಿದ ನೀರು ತಾನಾಗೇ ಅತ್ತ ಹೋಗುತ್ತೆ.

ಇನ್ನೊಂದು ವಿಷಯ ಅವರ ಜೊತೆ ಮಾತಾಡಿದ್ದರಿಂದಲೇ ಹೊಳೆದದ್ದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಆಗ ಮಾರ್ಕೆಟ್ಟಿಗೆ ಹಸಿಮೀನು ಕಡಿಮೆ, ಒಣಮೀನಿಗೆ ಬೇಡಿಕೆ ಜಾಸ್ತಿ. ಒಣಮೀನಿಗೆ ತೇವ ತಾಗಬಾರದು, ಅದೂ ವರ್ಷದ ಅತಿ ತೇವದ ತಿಂಗಳಲ್ಲಿ. ಹಾಗಾಗಿ ಕಟ್ಟಡದ ನಡುಭಾಗವನ್ನು ಎತ್ತರಿಸಿ, ಸುತ್ತ ತಗ್ಗಿದ ಮಾಡು ಹಾಕಿ, ಎರಡರ ನಡುವಿನ ಸಂದಿಯಿಂದ ಬಿಸಿಗಾಳಿ ಹೊರಹೋಗುವ ಹಾಗೆ ಮಾಡಿದೆ. ಒಣಮೀನಿನ ಅಕ್ಕಂದಿರಿಗೆ ನಡುವಿನ ಜಾಗ, ಹಸಿಮೀನಿನವರಿಗೆ ಅಂಚಿನ ಜಾಗ. ಕ್ಯಾಲೆಂಡರ್ ಇಟ್ಟುಕೊಂಡು ಡಿಸೈನ್ ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಘಟ್ಟ ಹತ್ತಿದರೆ ಲೆಕ್ಕ ಬೇರೆ

ಶಿರಸಿಯ ಅಡಿಕೆ ಬೆಳೆಗಾರರ ಮನೆಗೆ ನೆರಳಿಗಿಂತ ಬಿಸಿಲಿನ ಚಿಂತೆ. ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಒಣಗಬೇಕು, ಒಣಗುವುದು ಅಂಗಳದಲ್ಲಿ. ಡಿಸೆಂಬರಿನಲ್ಲಿ ಹತ್ತು ಅಡಿ ಎತ್ತರದ ಮಾಡಿನ ತುದಿ ನಡುಮಧ್ಯಾಹ್ನವೇ ಉತ್ತರಕ್ಕೆ ಸುಮಾರು ಎಂಟು ಅಡಿ ನೆರಳು ಚೆಲ್ಲುತ್ತೆ, ಮೂರು ಗಂಟೆಗೆ ಇನ್ನೂ ಉದ್ದ. ಮನೆಯನ್ನು ಅಂಗಳದ ಉತ್ತರಕ್ಕೆ ಇಡಿ, ಅಂಗಳ ದಕ್ಷಿಣಕ್ಕೆ ತೆರೆದಿರಲಿ. ಎರಡನೇ ವರ್ಷದ ಮನೆ ಪ್ರಾಜೆಕ್ಟಿನಲ್ಲಿ ನಾನು ಕೋಣೆಗಳಿಗಿಂತ ಮೊದಲು ಅಂಗಳ ಬರೆದೆ. ಒಳ್ಳೇ ಮಾರ್ಕ್ಸೂ ಬಂತು.

ಹೊರಗಿನವರಲ್ಲಿ ಅಹಮದಾಬಾದಿನ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಸ್ಟುಡಿಯೋ 'ಸಂಗಾತ್' ನೋಡಿ. ಅಲ್ಲಿ ಕಮಾನಿನ ಮಾಡಿನಿಂದ ಇಳಿದ ಮಳೆನೀರು ಕಾಲುವೆಗಳಲ್ಲಿ ಹರಿಯುತ್ತೆ. ಆದರೆ ಅದಕ್ಕೂ ಮೊದಲು ಒಂದು ಬಸ್ ಹತ್ತಿ ಭಟ್ಕಳಕ್ಕೆ ಹೋಗಿ. ಅಲ್ಲಿನ ಖೇತಪೈ ನಾರಾಯಣ ದೇವಸ್ಥಾನದಲ್ಲಿ ಕಲ್ಲುಚಪ್ಪಡಿಗಳನ್ನೇ ಇಳಿಜಾರು ಮಾಡಾಗಿ ಜೋಡಿಸಿದ್ದಾರೆ, ಸುತ್ತ ಕಲ್ಲಿನದೇ ಜಾಲರಿ ಗೋಡೆ ಇದೆ. ಮರದ ಮನೆ ಕಟ್ಟುವ ಬುದ್ಧಿ ಕಲ್ಲಿಗೆ ಇಳಿದಿದೆ. ಒಂದು ಮೂಲೆಯ ಸೆಕ್ಷನ್ ಅಲ್ಲೇ ಕೂತು ಬರೆದುಕೊಳ್ಳಿ. ಫೋಟೋ ತೆಗೆದರೆ ಜೋಡಣೆ ತಲೆಗೆ ಹತ್ತಲ್ಲ.

ಜ್ಯೂರಿ, ಆಮೇಲೆ ಆ ಪುಟ

1:50ರ ಸೆಕ್ಷನಲ್ ಮಾಡೆಲ್ ಮಾಡಿ, ಕೋಣೆ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನು ದಕ್ಷಿಣದಿಂದ ಕೋನಮಾಪಕದಲ್ಲಿ 52 ಡಿಗ್ರಿಗೆ ಹಿಡಿದು ನೋಡಿ. ಆಮೇಲೆ ಪಶ್ಚಿಮದಿಂದ ಟಾರ್ಚನ್ನು ತೀರಾ ಕೆಳಗೆ, 30 ಡಿಗ್ರಿಗೆ ಹಿಡಿಯಿರಿ. ಸಂಜೆಯ ಬಿಸಿಲು ಎಲ್ಲಿವರೆಗೆ ನುಗ್ಗುತ್ತೆ ಅಂತ ತಕ್ಷಣ ಗೊತ್ತಾಗುತ್ತೆ. ಪ್ರಾಜೆಕ್ಟ್ ನೋಡಿ ಮಾರ್ಕ್ಸ್ ಕೊಡುವ ಜ್ಯೂರಿಯವರ ಎದುರಿಗೂ ಇದನ್ನೇ ಮಾಡಿ. ಬಾಯಿಮಾತಿನ ವಿವರಣೆ ಅರ್ಧ ಕಡಿಮೆಯಾಗುತ್ತೆ.

ಫಿಲಾಸಫಿಯ ಪುಟಕ್ಕೆ ಕೂರುವುದು ಇದೆಲ್ಲ ಆದ ಮೇಲೆ. ನಿಮ್ಮ ಎಲ್ಲ ಪ್ರಾಜೆಕ್ಟಿನ ಸೆಕ್ಷನ್‌ಗಳನ್ನು ನೆಲದ ಮೇಲೆ ಪಕ್ಕಪಕ್ಕ ಹಾಸಿ. ಯಾರೂ ಹೇಳದಿದ್ದರೂ ನೀವು ಮತ್ತೆ ಮತ್ತೆ ಮಾಡಿದ್ದು ಏನು ಅಂತ ಹುಡುಕಿ. ಅದನ್ನು ಕ್ರಿಯಾಪದ ಇರುವ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. "ನನ್ನ ವಿನ್ಯಾಸ ಪ್ರಕೃತಿಯೊಡನೆ ಸಂವಾದ" ಅನ್ನುವ ವಾಕ್ಯವನ್ನು ಯಾರ ಪೋರ್ಟ್‌ಫೋಲಿಯೋಗೆ ಬೇಕಾದರೂ ಅಂಟಿಸಬಹುದು. ನನ್ನ ಪುಟದಲ್ಲಿರುವುದು ಇಷ್ಟು: "ಮಾಡಿನ ತುದಿಯನ್ನು ಮೊದಲು ಬರೆಯುತ್ತೇನೆ. ಕೂತು ಕೆಲಸ ಮಾಡುವವರ ಕಣ್ಣಿನ ಎತ್ತರದಿಂದ ಕೋಣೆ ಅಳೆಯುತ್ತೇನೆ. ಪಶ್ಚಿಮಕ್ಕೆ ಬಿಚ್ಚಿ ಕಟ್ಟುವ ಗೋಡೆ ಇಡುತ್ತೇನೆ. ಗುಡ್ಡ ಕಡಿಯುವುದಿಲ್ಲ." ಪ್ರತಿ ವಾಕ್ಯದ ಪಕ್ಕ ಅದಕ್ಕೆ ಸಾಕ್ಷಿಯಾಗಿ ನಿಮ್ಮದೇ ಒಂದು ಡ್ರಾಯಿಂಗ್ ಇರಲಿ. ಸಾಕ್ಷಿ ಸಿಗದ ವಾಕ್ಯವನ್ನು ಹೊಡೆದುಹಾಕಿ, ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಿ. ಪೋರ್ಟ್‌ಫೋಲಿಯೋದ ಮೊದಲ ಪುಟಕ್ಕೆ ಬಣ್ಣದ ರೆಂಡರ್ ಬೇಡ. ಮಾಡಿನ ತುದಿ, ಗಟಾರ, ಜಗಲಿ ಮೂರೂ ಕಾಣುವ 1:10ರ ಒಂದು ಡೀಟೇಲ್ ಹಾಕಿ, ಹೆಸರುಗಳನ್ನು ಆಚಾರಿಯವರು ಹೇಳಿದ ಹಾಗೇ ಕನ್ನಡದಲ್ಲಿ ಬರೆಯಿರಿ.