ಕುಂಬಳಕಾಯಿ ಕೇಳಿ ಸೋರೆಕಾಯಿ ತಂದ ಕಥೆ

ಹಾಸನ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ತೃತೀಯ ಭಾಷೆಯಾಗಿ ಓದಿದ ಹಿಂದಿಯಲ್ಲಿ ನನಗೆ 100ಕ್ಕೆ 91 ಅಂಕ ಬಂದಿತ್ತು. ರಜೆ ಕೋರುವ ಪತ್ರ, ಹಸುವಿನ ಮೇಲಿನ ಪ್ರಬಂಧ ಎಲ್ಲವೂ ಬಾಯಿಪಾಠ. ಮಾತು ಮಾತ್ರ ಬರುತ್ತಿರಲಿಲ್ಲ. ಎಂ.ಎಸ್ಸಿ. ಓದಲು ಲಂಡನ್ನಿಗೆ ಹೋಗಿ, ಲಖನೌ ಮತ್ತು ದೆಹಲಿಯ ಇಬ್ಬರು ಹುಡುಗರೊಂದಿಗೆ ಹ್ಯಾನ್‌ವೆಲ್‌ನಲ್ಲಿ ಮನೆ ಹಿಡಿದ ಮೇಲೆ ಈ ಬಡತನ ಬಯಲಾಯಿತು. ಅವರು ನಕ್ಕಾಗ ನಾನೂ ನಗುತ್ತಿದ್ದೆ, ತುಸು ತಡವಾಗಿ. ಹಿಂದಿ ಹೇರಿಕೆಗೆ ನಾನು ಅಂದೂ ವಿರೋಧಿ, ಇಂದೂ ವಿರೋಧಿ. ಆದರೆ ಮೂವರು ಒಟ್ಟಿಗೆ ಉಣ್ಣುವ ಅಡುಗೆಮನೆಯಲ್ಲಿ ಮೂಕನಾಗಿ ನಿಲ್ಲುವ ಕಷ್ಟವೇ ಬೇರೆ.

ಹ್ಯಾನ್‌ವೆಲ್‌ನಿಂದ 207ನೇ ನಂಬರಿನ ಬಸ್ ಹತ್ತಿದರೆ ಸೌತ್‌ಹಾಲ್. ಅಲ್ಲಿನ ರೈಲು ನಿಲ್ದಾಣದ ಫಲಕದಲ್ಲಿಯೇ ಇಂಗ್ಲಿಷಿನ ಜೊತೆಗೆ ಗುರುಮುಖಿ ಲಿಪಿಯಲ್ಲಿ ಊರಿನ ಹೆಸರಿದೆ. ಬ್ರಾಡ್‌ವೇ ರಸ್ತೆಯ ತರಕಾರಿ ಅಂಗಡಿಗಳಲ್ಲಿ ನನಗೆ ಸಿಕ್ಕವರು ಪಂಜಾಬಿಗಳು, ಪಾಕಿಸ್ತಾನದವರು, ಅಫ್ಘನ್ನರು. ಹಿಂದಿ ಯಾರ ಮನೆಮಾತೂ ಅಲ್ಲ, ಎಲ್ಲರಿಗೂ ವ್ಯಾಪಾರದ ಮಾತು. ನನಗೆ ಬೇಕಾಗಿದ್ದುದೂ ಅಷ್ಟೇ.

ಮೊದಲ ಶನಿವಾರ ಸೋತು ಬಂದೆ. ನಾನು ಹಿಂದಿಯಲ್ಲಿ ಬೆಲೆ ಕೇಳಿದರೆ ಅವರು ಇಂಗ್ಲಿಷಿನಲ್ಲಿ ‘ಒನ್ ಪೌಂಡ್’ ಎಂದು ಮುಗಿಸುತ್ತಿದ್ದರು. ನೂಕುನುಗ್ಗಲಿನಲ್ಲಿ ನನ್ನ ವ್ಯಾಕರಣಕ್ಕೆ ಕಾಯುವವರು ಯಾರು? ಅಂದಿನಿಂದ ಶನಿವಾರ ಬಿಟ್ಟು, ತರಗತಿಯಿಲ್ಲದ ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗತೊಡಗಿದೆ. ಬೆಲೆ ಕೇಳುವುದನ್ನೂ ಬಿಟ್ಟೆ, ಅದು ಹೇಗೂ ಚೀಟಿಯಲ್ಲಿ ಬರೆದಿರುತ್ತದೆ. ಬದಲಿಗೆ ಗುರುತಿಲ್ಲದ ಒಂದು ತರಕಾರಿ ಎತ್ತಿ ‘ಯೇ ಕೈಸೇ ಪಕಾತೇ ಹೈಂ?’ ಎನ್ನುತ್ತಿದ್ದೆ. ಅಡುಗೆಯ ವಿಧಾನವನ್ನು ಇಂಗ್ಲಿಷಿನಲ್ಲಿ ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಟಿಂಡಾ ಎಂಬ ಸಪ್ಪೆ ಕಾಯಿಯ ಬಗ್ಗೆ ಐದು ನಿಮಿಷ ಕೇಳಿದ್ದೇನೆ. ತಿಂದದ್ದು ಒಂದೇ ಸಲ.

ಕನ್ನಡ ಕೆಲವು ಕಡೆ ಕೈಹಿಡಿಯಿತು. ‘ಮುಝೇ ಚಾಹಿಯೇ’ ಎಂದರೆ ನಮ್ಮ ‘ನನಗೆ ಬೇಕು’, ಅಚ್ಚು ಒಂದೇ. ‘ಡೇಢ್’, ‘ಢಾಯೀ’ ಎಂಬ ಒಂದೂವರೆ, ಎರಡೂವರೆಗಳನ್ನು ಮಾತ್ರ ಉರುಹೊಡೆಯಬೇಕಾಯಿತು. ‘ಢಾಯೀ’ ಎಂದರೆ ಎರಡೋ ಮೂರೋ ತಿಳಿಯದೆ ಅಂಗೈಯಲ್ಲಿ ಚಿಲ್ಲರೆ ಹರಡಿ ‘ನೀವೇ ತೆಗೆದುಕೊಳ್ಳಿ’ ಎಂದದ್ದಿದೆ. ನೂರರವರೆಗಿನ ಹಿಂದಿ ಅಂಕಿಗಳನ್ನು ಕಲಿಯುವ ಹಟ ಬಿಟ್ಟೆ. 99 ಪೆನ್ಸ್ ಅನ್ನು ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿಯೇ ಹೇಳುತ್ತಿದ್ದರು.

ಇನ್ನು ಕೆಲವು ಕಡೆ ಕನ್ನಡವೇ ಕಾಲೆಳೆಯಿತು. ‘ಪೌಂಡಿಗೆ ಮೂರು ಗಡ್ಡೀ’ ಎಂದಾಗ ನಾನು ಗಡ್ಡೆ ಹುಡುಕುತ್ತಿದ್ದೆ. ಅವರು ಹೇಳಿದ್ದು ಕೊತ್ತಂಬರಿ ಕಟ್ಟು. ಪಕ್ಕದಲ್ಲಿದ್ದ ಸರ್ದಾರ್ಜಿ, ಪಂಜಾಬಿಯಲ್ಲಿ ಗಡ್ಡೀ ಎಂದರೆ ಕಾರು ಎಂದು ಇನ್ನಷ್ಟು ಕಲಸಿದರು. ಮತ್ತೊಂದು ದಿನ ಇನ್ನೊಂದು ಚೀಲ ಕೊಡಲು ಬಂದವರಿಗೆ ‘ನಕ್ಕೋ’ ಎಂದುಬಿಟ್ಟೆ. ಊರಿನ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳ ದಖನಿಯಲ್ಲಿ ಕೇಳಿ ಬೆಳೆದ ಮಾತು, ‘ಬೇಡ’ ಎಂದು ಅರ್ಥ. ಸೌತ್‌ಹಾಲ್‌ನಲ್ಲಿ ಯಾರಿಗೂ ತಿಳಿಯಲಿಲ್ಲ. ಚೀಲ ಬಂತು.

ಹುಳಿ ಮಾಡಲು ಕುಂಬಳಕಾಯಿ ಬೇಕಿತ್ತು. ಶಾಲೆಯಲ್ಲಿ ಕಲಿತಂತೆ ‘ಕದ್ದೂ’ ಕೇಳಿದೆ, ಸೋರೆಕಾಯಿ ಕೊಟ್ಟರು. ಅಲ್ಲವೆಂದರೆ ಇನ್ನೂ ಎಳೆಯದು ಆರಿಸಿ ಕೊಟ್ಟರು. ಪಾಕಿಸ್ತಾನದ ಕಡೆ ಸೋರೆಕಾಯಿಗೇ ಕದ್ದೂ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅಂದು ಸೋರೆಕಾಯಿ ಹುಳಿಯೇ ಆಯಿತು, ಚೆನ್ನಾಗಿಯೂ ಇತ್ತು.

ಆ ಸೋರೆಕಾಯಿ ಕೊಟ್ಟವರೇ ನನಗೆ ಒಳ್ಳೆಯ ಗುರುವಾದರು. ಅರವತ್ತರ ಆಸುಪಾಸಿನ ಅಫ್ಘನ್ ಪಠಾಣರು. ಮನೆಮಾತು ಪಶ್ತೋ. ನಿರಾಶ್ರಿತರಾಗಿ ಪಾಕಿಸ್ತಾನದ ಪೇಶಾವರದಲ್ಲಿದ್ದಾಗ ಉರ್ದು ಕಲಿತರಂತೆ. ಆಡುಮಾತಿನಲ್ಲಿ ಅದೂ ಹಿಂದಿಯೂ ಹೆಚ್ಚುಕಡಿಮೆ ಒಂದೇ. ನಾನು ಅವರನ್ನು ಭಾಯಿಜಾನ್ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು. ಎರವಲು ಮಾತಾದ್ದರಿಂದ ಅವರು ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು, ನಾನು ಪದಕ್ಕೆ ತಡಕಾಡುವಾಗ ಸುಮ್ಮನೆ ಕಾಯುತ್ತಿದ್ದರು. ನನ್ನ ಮನೆಯ ಹುಡುಗರಿಗೆ ಆ ತಾಳ್ಮೆ ಇರಲಿಲ್ಲ. ಅರ್ಧ ವಾಕ್ಯಕ್ಕೇ ತಿದ್ದುತ್ತಿದ್ದರು.

ತೊಡಕೂ ಅಲ್ಲೇ ಇತ್ತು. ಎರಡು ತಿಂಗಳ ನಂತರ ಮನೆಯಲ್ಲಿ ನಾನು ‘ಭಿಂಡೀ ಅಚ್ಛಾ ಹೈ’ ಎಂದೆ. ಲಖನೌ ಹುಡುಗ ಸೌಟು ಕೆಳಗಿಟ್ಟು, ‘ಪಠಾಣರ ಹತ್ತಿರ ಪಾಠ ಹೇಳಿಸಿಕೊಂಡೆಯಾ?’ ಎಂದು ಕೇಳಿದ. ಭಿಂಡೀ ಸ್ತ್ರೀಲಿಂಗ, ‘ಅಚ್ಛೀ’ ಆಗಬೇಕಿತ್ತು. ಪಠಾಣರ ಉರ್ದುವಿನಲ್ಲಿ ಲಿಂಗ ಅದಲುಬದಲಾಗುವುದು ಹಿಂದಿಯವರಲ್ಲಿ ಹಳೆಯ ತಮಾಷೆಯಂತೆ. ನಾಚಿಕೆಯಾಯಿತು. ಆದರೆ ಅದೇ ವಾರ ಮೊಸರು ಹುಳಿಯಾಗಿದೆ ಎನ್ನುವಾಗ ದೆಹಲಿಯವನು ‘ಖಟ್ಟೀ’ ಎಂದ, ಲಖನೌನವನು ‘ಖಟ್ಟಾ’ ಎಂದು ಹಟ ಹಿಡಿದ. ಊಟ ಆರುವವರೆಗೂ ಜಗಳ. ಅಂದಿನಿಂದ ನಾನು ಅಂಜುವುದನ್ನು ಬಿಟ್ಟೆ.

ಮುಂದಿನ ಬುಧವಾರ ಈ ಭಿಂಡೀ ಪ್ರಸಂಗವನ್ನು ಭಾಯಿಜಾನ್‌ಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದರು. ಬೆಂಡೆಕಾಯಿ ಎಂದೆ. ‘ಅದು ಗಂಡೋ ಹೆಣ್ಣೋ?’

‘ಎರಡೂ ಅಲ್ಲ ಭಾಯಿಜಾನ್. ನಮ್ಮಲ್ಲಿ ತರಕಾರಿಗಳೆಲ್ಲ ನಪುಂಸಕ ಲಿಂಗ.’

ತಕ್ಕಡಿಯಲ್ಲಿದ್ದ ಬೆಂಡೆಕಾಯಿಯನ್ನು ಒಮ್ಮೆ ನೋಡಿ, ಇನ್ನೊಂದು ಹಿಡಿ ಹಾಕಿ, ‘ಪೇಶಾವರದ ಬದಲು ನಿಮ್ಮ ಊರಿಗೆ ಬರಬೇಕಿತ್ತು’ ಎಂದರು.